ಹೊಸ ಮೀನು ಮೈ ಉಜ್ಜಿಕೊಳ್ಳುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮೀನು ತಂದು ಬಿಟ್ಟ ಮೇಲೆ ಮೊದಲ ಒಂದು ವಾರ ತೊಟ್ಟಿಯ ಮುಂದಿನಿಂದ ಏಳಲು ಮನಸ್ಸೇ ಬರುವುದಿಲ್ಲ. ಹಾಗೆ ಕೂತು ನೋಡುವಾಗಲೇ ಕೆಲವು ಸಂಗತಿ ಕಣ್ಣಿಗೆ ಬೀಳುತ್ತವೆ. ಮೀನು ಇದ್ದಕ್ಕಿದ್ದಂತೆ ಓರೆಯಾಗಿ ಕಲ್ಲಿಗೆ ಮೈ ತಿಕ್ಕುತ್ತದೆ. ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ನಿಲ್ಲುತ್ತದೆ. ಕಿವಿರು ಬೇಗ ಬೇಗ ಬಡಿದುಕೊಳ್ಳುತ್ತದೆ. ಆಗ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆ ಹೊತ್ತಿನಲ್ಲಿ ಹುಟ್ಟುವ ಪ್ರಶ್ನೆಗಳು ಇಲ್ಲಿವೆ. ಇದೆಲ್ಲ ಸಿಹಿನೀರಿನ ಮೀನುಗಳಿಗೆ ಸಂಬಂಧಿಸಿದ್ದು. ಸಮುದ್ರದ ಮೀನುಗಳ ರೋಗವೂ ಬೇರೆ, ಮದ್ದಿನ ಲೆಕ್ಕವೂ ಬೇರೆ.

ಹೊಸ ಮೀನು ಕಲ್ಲಿಗೆ ಮೈ ಉಜ್ಜಿತು. ರೋಗ ಬಂದಿದೆಯಾ?

ಒಂದು ಸಲ ಉಜ್ಜಿದ ಮಾತ್ರಕ್ಕೆ ರೋಗ ಅನ್ನಬೇಡಿ. ಮೀನಿಗೆ ಕೈಯಿಲ್ಲ. ಮೈಮೇಲೆ ಏನಾದರೂ ಕಿರಿಕಿರಿಯಾದರೆ ಕಲ್ಲಿಗೋ ಎಲೆಗೋ ಮರಳಿಗೋ ತಿಕ್ಕಿಕೊಳ್ಳುವುದೊಂದೇ ಅದಕ್ಕಿರುವ ದಾರಿ. ಎಷ್ಟೋ ವರ್ಷದಿಂದ ಆರೋಗ್ಯವಾಗಿರುವ ಮೀನೂ ದಿನಕ್ಕೆ ಒಂದೆರಡು ಸಲ ಹೀಗೆ ಮಾಡುತ್ತದೆ.

ಚಿಂತೆಗೆ ಕಾರಣವಾಗುವ ಉಜ್ಜಾಟ ನೋಡಲು ಬೇರೆ ಥರ ಇರುತ್ತದೆ. ನನ್ನ ತೊಟ್ಟಿಯ ಒಂದು ಕತ್ತಿಬಾಲದ ಹೆಣ್ಣು ಮೀನಿನಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಸುಮ್ನೆ ತೇಲುತ್ತಿದ್ದದ್ದು ಒಮ್ಮೆಲೇ ಪಕ್ಕಕ್ಕೆ ಮಗುಚಿತು. ಹೊಟ್ಟೆಯ ಬೆಳ್ಳಿ ಬಣ್ಣ ಫಳಕ್ಕೆಂದಿತು. ಕೆನ್ನೆಯನ್ನು ಮರಳಿಗೆ ಒತ್ತಿ ಎಳೆದುಕೊಂಡು ಹೋಯಿತು, ಹಿಂದೆ ಸಣ್ಣಗೆ ಧೂಳೆದ್ದಿತು. ಎರಡು ಕ್ಷಣ ನಿಂತು ತಲೆ ಕೊಡವಿತು. ಮತ್ತೆ ಅದೇ ಕೆನ್ನೆ, ಅದೇ ಜಾಗ. ಹತ್ತು ನಿಮಿಷದಲ್ಲಿ ಏಳೆಂಟು ಸಲ. ಇಂಥದ್ದನ್ನು ಕಂಡರೆ ನಾಳೆ ನೋಡೋಣ ಅಂತ ಬಿಡಬೇಡಿ.

ಮೈ ಉಜ್ಜುವುದು ಬಿಟ್ಟರೆ ಬೇರೆ ಏನು ಗಮನಿಸಬೇಕು?

ಎಲ್ಲಕ್ಕಿಂತ ಮೊದಲು ಕಿವಿರು. ಕಿರಿಕಿರಿಯ ಬಹುಪಾಲು ಕಾರಣಗಳು ಮೊದಲು ಹೊಡೆಯುವುದು ಅಲ್ಲಿಗೇ. ಅಲ್ಲಿನ ಚರ್ಮ ತುಂಬಾ ತೆಳು, ಅದರ ಕೆಳಗೇ ರಕ್ತ ಹರಿಯುತ್ತಿರುತ್ತದೆ. ಮೀನು ಒಂದೇ ಕಡೆಯ ಕಿವಿರಿನಿಂದ ಉಸಿರಾಡಿ ಇನ್ನೊಂದನ್ನು ಮುಚ್ಚಿಕೊಂಡಿದೆಯಾ, ಮುಚ್ಚಳ ಪೂರ್ತಿ ಮುಚ್ಚದೆ ಸ್ವಲ್ಪ ತೆರೆದೇ ಇದೆಯಾ, ಬಡಿತ ಜೋರಾಗಿದೆಯಾ ನೋಡಿ.

ಬಡಿತವನ್ನು ಅಂದಾಜಿನ ಮೇಲೆ ಬಿಡಬೇಡಿ, ಎಣಿಸಿ. ಮೀನು ಒಂದೆಡೆ ನಿಂತಾಗ ಮೂವತ್ತು ಸೆಕೆಂಡು ಎಣಿಸಿ ಬರೆದಿಡಿ. ಅದೇ ಜಾತಿಯ ಇನ್ನೊಂದು ಮೀನಿನದನ್ನೂ ಎಣಿಸಿ. ಒಂದೊಂದು ಜಾತಿಗೆ, ಒಂದೊಂದು ತಾಪಮಾನಕ್ಕೆ ಈ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಪಕ್ಕದ ಮೀನಿನ ಜೊತೆ ಮತ್ತು ನಿನ್ನೆಯ ಲೆಕ್ಕದ ಜೊತೆ ಹೋಲಿಸುವುದೇ ಸರಿ.

ಆಮೇಲೆ ರೆಕ್ಕೆ. ಹುಷಾರಾಗಿರುವ ಮೀನು ಬೆನ್ನಿನ ರೆಕ್ಕೆಯನ್ನು ಬಿಚ್ಚಿ ಹಿಡಿಯುತ್ತದೆ. ಕಿರಿಕಿರಿಯಿರುವ ಮೀನು ಮಡಚಿದ ಛತ್ರಿಯ ಹಾಗೆ ಮೈಗೆ ಅಂಟಿಸಿಕೊಂಡಿರುತ್ತದೆ. ಗಪ್ಪಿ, ಮೋಲಿಗಳಂತೂ ನಿಂತಲ್ಲೇ ನಡುಗುವ ಹಾಗೆ ಮೈ ಅಲ್ಲಾಡಿಸುತ್ತವೆ, ಮುಂದಕ್ಕೆ ಹೋಗುವುದಿಲ್ಲ. ಮೈಮೇಲೆ ಹಾಲಿನ ಕೆನೆಯಂಥ ತೆಳು ಪೊರೆ ಕಂಡರೆ ಲೋಳೆ ಜಾಸ್ತಿಯಾಗಿದೆ ಎಂದರ್ಥ. ಏನೋ ಚುಚ್ಚುತ್ತಿದೆ, ಸುಡುತ್ತಿದೆ ಅಂದಾಗ ಮೀನಿನ ಚರ್ಮ ಲೋಳೆ ಸುರಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ.

ಮೊದಲ ದಿನ ಅಡಗಿ ಕೂತಿದೆ, ಬಣ್ಣವೂ ಮಂಕಾಗಿದೆ. ಇದೂ ಕಿರಿಕಿರಿಯ ಲಕ್ಷಣವಾ?

ಪ್ರಯಾಣದ ದಣಿವು ಇರಬಹುದು. ದೀಪ ಆರಿಸಿ, ಸುಮ್ನೆ ಬಿಡಿ. ಒಂದೆರಡು ದಿನದಲ್ಲಿ ಬಣ್ಣ ಮರಳಿ ಹೊರಗೆ ಬಂದರೆ ಸರಿಹೋಯಿತು. ನಿಯಾನ್ ಟೆಟ್ರಾಗಳಿಗೆ ರಾತ್ರಿಯ ಹೊತ್ತು ಬಣ್ಣ ಮಾಸುವುದು ಸಹಜವೇ. ಬೆಳಿಗ್ಗೆ ದೀಪ ಹಾಕಿದ ಕೂಡಲೇ ನೋಡಿ ಗಾಬರಿಯಾಗಬೇಡಿ.

ಮೈ ಉಜ್ಜುತ್ತಿದೆ ಅಂತ ಖಾತ್ರಿಯಾಯಿತು. ಮೊದಲು ಯಾವ ಮದ್ದು ಹಾಕಲಿ?

ಯಾವುದನ್ನೂ ಹಾಕಬೇಡಿ. ಮೊದಲು ನೀರು ಪರೀಕ್ಷೆ ಮಾಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಮೀನು ಸಾಕಲು ಶುರುಮಾಡಿದ ವರ್ಷ ಆರು ಟೆಟ್ರಾ ತಂದಿದ್ದೆ. ಎರಡನೇ ದಿನ ಮೈ ಉಜ್ಜತೊಡಗಿದವು. ಬಿಳಿ ಚುಕ್ಕೆ ರೋಗವೇ ಇರಬೇಕೆಂದು ಸಂಜೆಯೇ ಮದ್ದು ಸುರಿದೆ. ಅವುಗಳ ಮೈಮೇಲೆ ಒಂದೇ ಒಂದು ಚುಕ್ಕೆ ಇರಲಿಲ್ಲ. ಮರುದಿನ ಇನ್ನೂ ಜೋರಾಗಿ ಉಜ್ಜಿದವು, ಮದ್ದಿನ ಪ್ರಮಾಣ ಹೆಚ್ಚಿಸಿದೆ. ನಾಲ್ಕನೇ ದಿನ ಮೂರು ಸತ್ತವು. ಆಮೇಲೆ ಅಮೋನಿಯಾ ಪರೀಕ್ಷೆ ಮಾಡಿದರೆ ಟ್ಯೂಬಿನ ನೀರು ಕಡು ಹಸಿರಿಗೆ ತಿರುಗಿತು. ಮೊದಲ ದಿನ ಅರ್ಧ ನೀರು ಬದಲಿಸಿದ್ದರೆ ಆರೂ ಬದುಕುತ್ತಿದ್ದವು ಅಂತ ಈಗಲೂ ಅನಿಸುತ್ತದೆ. ನೊಂದ ಕಿವಿರಿನ ಮೇಲೆ ಮದ್ದು ಅಂದರೆ ಗಾಯದ ಮೇಲೆ ಬರೆ.

ಪರೀಕ್ಷೆ ಮಾಡಬೇಕಾದ್ದು ಇಷ್ಟು: ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ), ತಾಪಮಾನ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಸ್ವಲ್ಪವೇ ಇದೆ, ಪರವಾಗಿಲ್ಲ ಅನ್ನುವ ಮಾತೇ ಇಲ್ಲ.

ನಮ್ಮ ತೊಟ್ಟಿಯ ನೀರು ಕನ್ನಡಿಯ ಹಾಗೆ ತಿಳಿಯಾಗಿದೆ. ಆದರೂ ಪರೀಕ್ಷೆ ಬೇಕಾ?

ಬೇಕೇ ಬೇಕು. ಅಮೋನಿಯಾಕ್ಕೆ ಬಣ್ಣವಿಲ್ಲ, ನೈಟ್ರೈಟ್‌ಗೂ ಇಲ್ಲ. ಮೀನಿಗೆ ಅಪಾಯವಾಗುವ ಮಟ್ಟದಲ್ಲಿದ್ದರೂ ನಮ್ಮ ಮೂಗಿಗೆ ವಾಸನೆ ಬರುವುದಿಲ್ಲ. ಹೊಸದಾಗಿ ಕಟ್ಟಿದ ತೊಟ್ಟಿಯಲ್ಲಿ ಮೀನಿನ ಹೇಸಿಗೆಯಿಂದ, ಉಳಿದ ಆಹಾರದಿಂದ, ಕಿವಿರಿನಿಂದಲೇ ಅಮೋನಿಯಾ ಬರುತ್ತಲೇ ಇರುತ್ತದೆ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು ಬಗೆ. ಇವು ಫಿಲ್ಟರ್‌ನಲ್ಲಿ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೂ ಮೊದಲು ಮೀನು ಬಿಟ್ಟರೆ ಅದು ತನ್ನದೇ ಕೊಳೆಯಲ್ಲಿ ಉಸಿರಾಡಬೇಕಾಗುತ್ತದೆ.

ಇನ್ನೊಂದು ಸಂಗತಿ. ಪರೀಕ್ಷೆಯಲ್ಲಿ ಬರುವ ಅಮೋನಿಯಾದ ಅಂಕಿ ಒಂದೇ ಇದ್ದರೂ ಅದರ ವಿಷ ಒಂದೇ ಇರುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದಲ್ಲಿರುವುದು ಶೇಕಡಾ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದೇ ಶೇಕಡಾ 5ರ ಆಸುಪಾಸಿಗೆ ಏರುತ್ತದೆ, ಅಂದರೆ ಸುಮಾರು ಹತ್ತು ಪಟ್ಟು. ನೀರು ಬಿಸಿಯಾದಷ್ಟೂ ಇನ್ನೂ ಜಾಸ್ತಿ. ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ, ಅಂಥ ನೀರು ಬಳಸುವವರು ಹೆಚ್ಚು ಹುಷಾರಾಗಿರಬೇಕು.

ಅಮೋನಿಯಾ ಇದೆ ಅಂತ ಗೊತ್ತಾಯಿತು. ಈಗ?

ಅರ್ಧದಷ್ಟು ನೀರು ಬದಲಿಸಿ. ಹೊಸ ನೀರಿನ ತಾಪಮಾನ ಹಳೆಯದಕ್ಕೆ ಹೊಂದಲಿ, ಕ್ಲೋರಿನ್ ತೆಗೆದಿರಲಿ. ಆ ದಿನ ಆಹಾರ ಬೇಡ, ಮರುದಿನ ಚೂರೇ ಚೂರು. ಏರ್ ಪಂಪ್ ಓಡಲಿ. ಮರುದಿನ ಮತ್ತೆ ಪರೀಕ್ಷೆ, ಬೇಕಿದ್ದರೆ ಮತ್ತೆ ನೀರು ಬದಲಾವಣೆ. ಗೆಳೆಯರ ಮನೆಯಲ್ಲಿ ರೋಗವಿಲ್ಲದ ಹಳೆಯ ತೊಟ್ಟಿ ಇದ್ದರೆ ಅದರ ಫಿಲ್ಟರ್‌ನ ಒಂದು ತುಂಡು ಸ್ಪಾಂಜ್ ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿ. ಒದ್ದೆಯಾಗಿಯೇ ತನ್ನಿ. ಅದರಷ್ಟು ಬೇಗ ಕೆಲಸ ಮಾಡುವುದು ಬೇರೇನೂ ಇಲ್ಲ.

ನೈಟ್ರೈಟ್ ಇದ್ದರೂ ಕ್ರಮ ಇದೇ. ಜೊತೆಗೆ ಹತ್ತು ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಿ. ನೈಟ್ರೈಟ್ ಮೀನಿನ ರಕ್ತಕ್ಕೆ ಹೋದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ನೀರಿನ ತುಂಬ ಗಾಳಿಯಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುವುದು ಇದಕ್ಕೇ. ಉಪ್ಪಿನಲ್ಲಿರುವ ಕ್ಲೋರೈಡ್ ಮತ್ತು ನೈಟ್ರೈಟ್ ಎರಡೂ ಕಿವಿರಿನ ಒಂದೇ ಬಾಗಿಲಿನಿಂದ ಒಳಗೆ ಹೋಗುವಂಥವು. ಕ್ಲೋರೈಡ್ ಸಾಕಷ್ಟಿದ್ದರೆ ನೈಟ್ರೈಟ್‌ಗೆ ಜಾಗ ಸಿಗುವುದಿಲ್ಲ.

ನೀರು ಬದಲಿಸಿದ ಕೂಡಲೇ ಹೊಸದು ಹಳೆಯದು ಎನ್ನದೆ ಎಲ್ಲ ಮೀನೂ ಉಜ್ಜಲು ಶುರುಮಾಡಿದವು. ಯಾಕೆ?

ಎಲ್ಲ ಮೀನೂ ಒಟ್ಟಿಗೆ, ಅದೂ ನೀರು ಬದಲಿಸಿದ ಗಂಟೆಯೊಳಗೆ ಅಂದರೆ ಹುಳುವಿನ, ಅಂದರೆ ಮೀನಿನ ಮೈಗೆ ಅಂಟಿ ಬದುಕುವ ಸಣ್ಣ ಜೀವಿಗಳ, ಕೆಲಸವಲ್ಲ. ಕ್ಲೋರಿನ್ ಇರಬೇಕು, ಇಲ್ಲವೇ ತಾಪಮಾನದಲ್ಲೋ ಪಿಎಚ್‌ನಲ್ಲೋ ದೊಡ್ಡ ವ್ಯತ್ಯಾಸವಾಗಿರಬೇಕು. ಕ್ಲೋರಿನ್ ತೆಗೆಯುವ ದ್ರಾವಣವನ್ನು ಇಡೀ ತೊಟ್ಟಿಯ ನೀರಿನ ಲೆಕ್ಕಕ್ಕೆ ತಕ್ಷಣ ಹಾಕಿ, ಗಾಳಿ ಜೋರು ಮಾಡಿ.

ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಸಾಕು ಎನ್ನುವ ಮಾತು ಅರ್ಧ ನಿಜ. ಕ್ಲೋರಿನ್ ಹಾಗೆ ಹಾರಿಹೋಗುತ್ತದೆ, ಏರ್ ಸ್ಟೋನ್ ಹಾಕಿದರೆ ಇನ್ನೂ ಬೇಗ. ಆದರೆ ಕೆಲವು ಕಡೆ ನೀರಿಗೆ ಕ್ಲೋರಮೈನ್, ಅಂದರೆ ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು, ಹಾಕುತ್ತಾರೆ. ಅದು ಒಂದು ದಿನ ಇಟ್ಟರೆ ಹೋಗುವಂಥದ್ದಲ್ಲ. ಅದಕ್ಕೆ ದ್ರಾವಣವೇ ಬೇಕು. ಕ್ಲೋರಿನ್ ತೆಗೆಯುವ ಥಯೋಸಲ್ಫೇಟ್ ಎಂಬ ರಾಸಾಯನಿಕ ಮಾತ್ರ ಇರುವ ದ್ರಾವಣ ಕ್ಲೋರಮೈನನ್ನು ಒಡೆದಾಗ ಅಮೋನಿಯಾ ಉಳಿಯುತ್ತದೆ. ಹಾಗಾಗಿ ಅಮೋನಿಯಾವನ್ನೂ ಹಿಡಿದಿಡುವಂಥದ್ದನ್ನು ನೋಡಿ ತನ್ನಿ.

ಫಿಲ್ಟರ್ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಏನಾಗುತ್ತದೆ ಅಂತ ಈಗ ಊಹಿಸಿರುತ್ತೀರಿ. ಬ್ಯಾಕ್ಟೀರಿಯಾ ಸಾಯುತ್ತದೆ, ಎರಡು ದಿನದಲ್ಲಿ ಅಮೋನಿಯಾ ಏರುತ್ತದೆ, ಮೀನು ಉಜ್ಜುತ್ತದೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದನ್ನು ಹಿಂಡಿ, ಸಾಕು.

ಹಳೆಯ ಮೀನುಗಳೆಲ್ಲ ಚೆನ್ನಾಗಿವೆ. ಹೊಸದು ಮಾತ್ರ ಒದ್ದಾಡುತ್ತಿದೆ. ಹಾಗಾದರೆ ನೀರು ಸರಿಯಿದೆ ಅಂತಲ್ವಾ?

ಹಾಗೆ ಹೇಳಲಾಗದು. ಬಹಳ ಜನ ಎಡವುವುದು ಇಲ್ಲೇ.

ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ನೈಟ್ರೇಟ್ ನಿಧಾನವಾಗಿ ಏರುತ್ತದೆ, ಪಿಎಚ್ ನಿಧಾನವಾಗಿ ಇಳಿಯುತ್ತದೆ. ಹಳೆಯ ಮೀನುಗಳು ದಿನಕ್ಕಿಷ್ಟು ಎಂಬಂತೆ ಅದಕ್ಕೆ ಹೊಂದಿಕೊಂಡಿರುತ್ತವೆ. ಹೊಸ ಮೀನಿಗೆ ಆ ಬದಲಾವಣೆ ಹತ್ತು ನಿಮಿಷದಲ್ಲಿ ಎದುರಾಗುತ್ತದೆ. ಅಂಥ ತೊಟ್ಟಿಯಲ್ಲಿ ಒಮ್ಮೆಲೇ ಅರ್ಧ ನೀರು ಬದಲಿಸಲೂ ಹೋಗಬೇಡಿ. ಪಿಎಚ್ ಥಟ್ಟನೆ ಏರಿದರೆ ನಿರುಪದ್ರವಿ ರೂಪದಲ್ಲಿದ್ದ ಅಮೋನಿಯಾ ವಿಷವಾಗಿ ತಿರುಗುತ್ತದೆ, ಆಗ ಹಳೆಯವೂ ಹೋಗುತ್ತವೆ. ದಿನಕ್ಕೆ ಶೇಕಡಾ 10–15ರಂತೆ ಒಂದು ವಾರ ಬದಲಿಸಿ.

ರೋಗದ ವಿಷಯದಲ್ಲೂ ಹೀಗೇ. ಬಿಳಿ ಚುಕ್ಕೆ ರೋಗದಿಂದ ಒಮ್ಮೆ ಪಾರಾದ ಮೀನಿಗೆ ಸ್ವಲ್ಪ ಮಟ್ಟಿಗೆ ತಡೆಯುವ ಶಕ್ತಿ ಬಂದಿರುತ್ತದೆ. ರೋಗ ತೊಟ್ಟಿಯಲ್ಲೇ ಸಣ್ಣಗೆ ಉಳಿದಿದ್ದು ಹೊಸಬರನ್ನು ಹಿಡಿಯಬಹುದು. ರೋಗ ಯಾವಾಗಲೂ ಹೊಸ ಮೀನೇ ತಂದದ್ದು ಅಂದುಕೊಳ್ಳಬೇಡಿ.

ಕವರ್‌ನಿಂದ ತೊಟ್ಟಿಗೆ ಬಿಡುವಾಗಲೇ ಏನಾದರೂ ತಪ್ಪಾಗುತ್ತದಾ?

ಆಗುತ್ತದೆ, ಅದೂ ಒಳ್ಳೆಯ ಉದ್ದೇಶದಿಂದಲೇ. ಕವರ್ ಬಿಚ್ಚಿ, ಗಂಟೆಗಟ್ಟಲೆ ತೇಲಿಬಿಟ್ಟು, ಚಮಚ ಚಮಚ ನೀರು ಸೇರಿಸುವವರಿದ್ದಾರೆ. ಮೀನು ಹೆಚ್ಚು ಹೊತ್ತು ಪ್ರಯಾಣ ಮಾಡಿ ಬಂದಿದ್ದರೆ ಇದೇ ಅಪಾಯ. ಮುಚ್ಚಿದ ಕವರ್‌ನಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಅದರಿಂದಾಗಿ ಅಲ್ಲಿ ಸೇರಿಕೊಂಡ ಅಮೋನಿಯಾ ಅಷ್ಟಾಗಿ ಹಾನಿ ಮಾಡುತ್ತಿರುವುದಿಲ್ಲ. ಕವರ್ ಬಿಚ್ಚಿದ ಕೂಡಲೇ ಆ ಗಾಳಿ ಹೊರಗೆ ಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯಾ ಕಿವಿರು ಸುಡತೊಡಗುತ್ತದೆ.

ನಾನು ಮಾಡುವುದು ಹೀಗೆ. ಕಟ್ಟಿದ ಕವರನ್ನು ಹಾಗೆಯೇ 15–20 ನಿಮಿಷ ತೇಲಿಬಿಟ್ಟು ತಾಪಮಾನ ಹೊಂದಿಸುತ್ತೇನೆ. ಹತ್ತಿರದಿಂದ ತಂದ ಮೀನಾದರೆ ಬಿಚ್ಚಿ ಅರ್ಧ ಗಂಟೆಯೊಳಗೆ ನಾಲ್ಕೈದು ಸಲ ತೊಟ್ಟಿಯ ನೀರು ಸೇರಿಸುತ್ತೇನೆ. ಒಂದಿಡೀ ರಾತ್ರಿ ಪ್ರಯಾಣ ಮಾಡಿದ್ದಾದರೆ ಅದನ್ನೂ ಮಾಡದೆ, ತಾಪಮಾನ ಸರಿಹೋದ ಕೂಡಲೇ ಬಲೆಯಲ್ಲಿ ಎತ್ತಿ ಬಿಡುತ್ತೇನೆ. ಅಂಥ ಮೀನಿಗಾಗಿ ಕ್ವಾರಂಟೈನ್ ತೊಟ್ಟಿಯ (ಹೊಸ ಮೀನನ್ನು ಮೊದಲು ಬೇರೆ ಇಡುವ ತೊಟ್ಟಿಯ) ನೀರನ್ನು ಆದಷ್ಟು ಅದು ಮೊದಲಿದ್ದ ನೀರಿಗೆ ಹತ್ತಿರವಾಗಿ ಮೊದಲೇ ಸಿದ್ಧಮಾಡಿರುತ್ತೇನೆ. ಕವರ್‌ನ ನೀರನ್ನು ಮಾತ್ರ ತೊಟ್ಟಿಗೆ ಸುರಿಯುವುದಿಲ್ಲ.

ನೀರಿನ ಪರೀಕ್ಷೆ ಎಲ್ಲ ಸರಿಯಾಗಿ ಬಂತು. ಮೀನು ಉಜ್ಜುತ್ತಲೇ ಇದೆ. ಈಗ ಹುಳುವಿನ ಮೇಲೆ ಅನುಮಾನ ಪಡಬಹುದಾ?

ಈಗ ಪಡಬಹುದು. ಸಣ್ಣ ಟಾರ್ಚ್ ತೆಗೆದುಕೊಳ್ಳಿ. ರಾತ್ರಿ ದೀಪವೆಲ್ಲ ಆರಿಸಿ, ಮೀನಿನ ಮೇಲೆ ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಹಗಲು ಕಾಣದ್ದು ಆಗ ಕಾಣುತ್ತದೆ.

ಉಪ್ಪಿನ ಹರಳು ಉದುರಿಸಿದ ಹಾಗೆ, ಎಣಿಸಲು ಬರುವಂಥ ಬಿಳಿ ಚುಕ್ಕೆಗಳಿದ್ದರೆ ಅದು ಬಿಳಿ ಚುಕ್ಕೆ ರೋಗ, ಇಕ್ ಅಂತಲೂ ಕರೆಯುತ್ತಾರೆ. ಚುಕ್ಕೆಗಳು ಇನ್ನೂ ಸಣ್ಣಗೆ, ಅರಿಶಿನದ ಪುಡಿ ಉದುರಿಸಿದ ಹಾಗೆ ಹೊಂಬಣ್ಣಕ್ಕೆ ಮಿನುಗಿದರೆ ಅದು ವೆಲ್ವೆಟ್ ಎಂಬ ರೋಗ. ಚುಕ್ಕೆಯೇನೂ ಇಲ್ಲದೆ ಬೂದು ಪೊರೆ ಮಾತ್ರ ಇದ್ದು ಮೀನು ಸೊರಗುತ್ತಿದ್ದರೆ ಕೋಸ್ಟಿಯಾ, ಟ್ರೈಕೊಡೈನಾ, ಕೈಲೊಡೊನೆಲ್ಲಾದಂಥ ಬರಿಗಣ್ಣಿಗೆ ಕಾಣದ ಜೀವಿಗಳಿರಬಹುದು. ಏನೂ ಕಾಣದೆ, ಒಂದು ಕಿವಿರು ಮುಚ್ಚಿಕೊಂಡು ತಲೆ ಕೊಡವುತ್ತಿದ್ದರೆ ಕಿವಿರಿನ ಫ್ಲೂಕ್ ಹುಳುವಿನ ಮೇಲೆ ನನ್ನ ಮೊದಲ ಅನುಮಾನ. ಖಚಿತವಾಗಿ ತಿಳಿಯಬೇಕೆಂದರೆ ಚರ್ಮದ ಲೋಳೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಮೀನಿನ ಬಗ್ಗೆ ತಿಳಿದ ಪಶುವೈದ್ಯರು ಸಿಕ್ಕರೆ ಅವರ ಹತ್ತಿರ ಹೋಗಿ.

ಬಿಳಿ ಚುಕ್ಕೆ ಮೂರೇ ದಿನದಲ್ಲಿ ಮಾಯವಾಯಿತು. ಮದ್ದು ನಿಲ್ಲಿಸಬಹುದಾ?

ದಯವಿಟ್ಟು ನಿಲ್ಲಿಸಬೇಡಿ. ಚುಕ್ಕೆ ಮಾಯವಾದದ್ದು ರೋಗ ಹೋಗಿದ್ದಕ್ಕಲ್ಲ. ನಮಗೆ ಕಾಣುವ ಚುಕ್ಕೆ ಅಂದರೆ ಮೀನಿನ ಚರ್ಮದ ಒಳಗೆ ಕೂತು ತಿನ್ನುತ್ತಿರುವ ಜೀವಿ. ಚರ್ಮದ ಹೊದಿಕೆ ಇರುವವರೆಗೂ ಮದ್ದು ಅದನ್ನು ಮುಟ್ಟುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಕಳಚಿಕೊಂಡು ಕೆಳಗೆ ಬೀಳುತ್ತದೆ. ಮರಳಿಗೋ ಎಲೆಗೋ ಅಂಟಿ, ಸುತ್ತ ಗೋಡೆ ಕಟ್ಟಿಕೊಂಡು ಒಡೆಯುತ್ತಾ ಒಡೆಯುತ್ತಾ ನೂರಾರು ಮರಿಗಳಾಗುತ್ತದೆ. ಆ ಮರಿಗಳು ಈಜುತ್ತಾ ಮೀನನ್ನು ಹುಡುಕುತ್ತವೆ. ಎರಡು ದಿನದೊಳಗೆ ಸಿಗದಿದ್ದರೆ ಸಾಮಾನ್ಯವಾಗಿ ಸಾಯುತ್ತವೆ. ಮದ್ದು ಅವನ್ನು ಕೊಲ್ಲುವುದು ಈಜುವ ಆ ಹೊತ್ತಿನಲ್ಲಿ ಮಾತ್ರ.

25 ಡಿಗ್ರಿ ಆಸುಪಾಸಿನಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿ ತಣ್ಣೀರಿನಲ್ಲಿ ತಿಂಗಳಿಗೂ ಹೆಚ್ಚು ಎಳೆಯುತ್ತದೆ. ಹಾಗಾಗಿಯೇ ನೀರು ನಿಧಾನವಾಗಿ ಬಿಸಿ ಮಾಡುವುದು. ದಿನಕ್ಕೆ ಒಂದೆರಡು ಡಿಗ್ರಿಯಂತೆ 30ರವರೆಗೆ ಏರಿಸಿ ಹತ್ತು ಹದಿನಾಲ್ಕು ದಿನ ಹಿಡಿದಿಟ್ಟರೆ ಎಷ್ಟೋ ಸಲ ಮದ್ದಿಲ್ಲದೆಯೂ ರೋಗ ಅಡಗುತ್ತದೆ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ 7.5 ಅಷ್ಟೇ. ಕಿವಿರು ಮೊದಲೇ ನೊಂದಿರುತ್ತದೆ, ಅದಕ್ಕೆ ಏರ್ ಪಂಪ್ ಇಲ್ಲದೆ ಬಿಸಿ ಮಾಡಬೇಡಿ. ಗೋಲ್ಡ್ ಫಿಶ್‌ನಂಥ ತಣ್ಣೀರಿನ ಮೀನುಗಳಿಗೆ ಈ ದಾರಿ ಬೇಡ.

ಕೊನೆಯ ಚುಕ್ಕೆ ಹೋದ ಮೇಲೂ ಕನಿಷ್ಠ ಒಂದು ವಾರ ಚಿಕಿತ್ಸೆ ಮುಂದುವರಿಯಲಿ.

ಚುಕ್ಕೆಯೇ ಬರದೆ ಬಿಳಿ ಚುಕ್ಕೆ ರೋಗ ಇರಬಹುದಾ?

ಇರಬಹುದು. ಕಿವಿರಿನ ಒಳಗೆ ಮಾತ್ರ ಇದ್ದರೆ ಹೊರಗೆ ಏನೂ ಕಾಣುವುದಿಲ್ಲ. ಎರಡು ಮೂರು ದಿನ ಬರೀ ಉಜ್ಜಾಟ, ಆಮೇಲೆ ಬಾಲದ ಮೇಲೆ ಮೊದಲ ಚುಕ್ಕೆ, ಹೀಗೂ ಆಗುತ್ತದೆ.

ವೆಲ್ವೆಟ್‌ಗೂ ಅದೇ ಮದ್ದು ಸಾಕಾ?

ವೆಲ್ವೆಟ್ ಇನ್ನೂ ಬೇಗ ಕೊಲ್ಲುತ್ತದೆ. ಅದನ್ನು ತರುವ ಜೀವಿಗೆ ಗಿಡಗಳ ಹಾಗೆ ಹಸಿರು ದ್ರವ್ಯವಿದೆ, ಬೆಳಕಿನಿಂದಲೂ ಶಕ್ತಿ ಪಡೆಯುತ್ತದೆ. ಹಾಗಾಗಿ ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಕತ್ತಲು ಮಾಡುವುದು ಚಿಕಿತ್ಸೆಯ ಒಂದು ಭಾಗ. ಮದ್ದಾಗಿ ಸಾಮಾನ್ಯವಾಗಿ ತಾಮ್ರ ಇರುವುದನ್ನು ಬಳಸುತ್ತಾರೆ. ಸಿಗಡಿ, ಬಸವನಹುಳುಗಳಿಗೆ ತಾಮ್ರವೆಂದರೆ ಸಾವು. ಅವಿರುವ ತೊಟ್ಟಿಗೆ ಹಾಕಲೇಬೇಡಿ, ಮೀನನ್ನು ಬೇರೆ ತೊಟ್ಟಿಗೆ ತೆಗೆದೇ ಚಿಕಿತ್ಸೆ ಮಾಡಿ.

ಫ್ಲೂಕ್ ಅಂದರೆ ಏನು? ಒಂದು ಸಲ ಮದ್ದು ಹಾಕಿದರೆ ಹೋಗುತ್ತದಾ?

ಕೊಕ್ಕೆಗಳಿಂದ ಕಚ್ಚಿಕೊಳ್ಳುವ ಸಣ್ಣ ಚಪ್ಪಟೆ ಹುಳು. ಮುಖ್ಯವಾಗಿ ಎರಡು ಬಗೆ. ಚರ್ಮದ ಮೇಲೆ ಹೆಚ್ಚಾಗಿ ಇರುವ ಗೈರೊಡ್ಯಾಕ್ಟಿಲಸ್ ಮರಿ ಹಾಕುತ್ತದೆ. ವಿಚಿತ್ರವೆಂದರೆ, ತಾಯಿಯ ಒಳಗಿರುವ ಮರಿಯ ಒಳಗೆ ಆಗಲೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ. ಸಂಖ್ಯೆ ಯಾಕಷ್ಟು ಬೇಗ ಏರುತ್ತದೆ ಎಂಬುದಕ್ಕೆ ಇದೇ ಕಾರಣ. ಕಿವಿರಿನಲ್ಲಿರುವ ಡ್ಯಾಕ್ಟಿಲೊಗೈರಸ್ ಮೊಟ್ಟೆ ಇಡುತ್ತದೆ.

ಪ್ರಾಜಿಕ್ವಾಂಟೆಲ್ ಇವಕ್ಕೆ ಒಳ್ಳೆಯ ಮದ್ದು, ಮೀನಿಗೂ ಅಷ್ಟು ಕಠಿಣವಲ್ಲ. ಆದರೆ ಮೊಟ್ಟೆಗೆ ಅದು ತಾಗುವುದಿಲ್ಲ. ಮೊದಲ ಸಲ ಹಾಕಿದಾಗ ಉಜ್ಜಾಟ ನಿಂತು, ವಾರದ ಮೇಲೆ ಮತ್ತೆ ಶುರುವಾದರೆ ಮದ್ದು ಕೆಟ್ಟದ್ದು ಅನ್ನಬೇಡಿ, ಮೊಟ್ಟೆ ಒಡೆದಿವೆ. ವಾರದ ಅಂತರದಲ್ಲಿ ಎರಡನೇ ಸಲ, ಬೇಕಿದ್ದರೆ ಮೂರನೇ ಸಲ ಹಾಕಬೇಕು.

ಬಾಯಿಯ ಸುತ್ತ ಹತ್ತಿಯ ಹಾಗೆ ಬಿಳಿ ಬಂದಿದೆ.

ಶಿಲೀಂಧ್ರದಂತೆ ಕಂಡರೂ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಇದಕ್ಕೆ ನೀರು ಬಿಸಿ ಮಾಡಬೇಡಿ, ಬಿಸಿಯಲ್ಲಿ ಇದು ಜೋರಾಗುತ್ತದೆ. ಮೀನನ್ನು ಬೇರೆ ಮಾಡಿ, ಅದೇ ದಿನ ತಜ್ಞರ ಸಲಹೆ ಪಡೆಯಿರಿ.

ಉಪ್ಪು ಹಾಕಿದರೆ ಎಲ್ಲಕ್ಕೂ ಪರಿಹಾರ ಅನ್ನುತ್ತಾರೆ. ನಿಜವಾ?

ಎಲ್ಲಕ್ಕೂ ಅಲ್ಲ, ಆದರೆ ಉಪ್ಪಿನ ಮೇಲೆ ನನಗೆ ನಂಬಿಕೆಯಿದೆ. ಲೀಟರಿಗೆ 1ರಿಂದ 3 ಗ್ರಾಂ ಇದ್ದರೆ ಹಲವು ಏಕಕೋಶ ಜೀವಿಗಳಿಗೆ ಬದುಕುವುದು ಕಷ್ಟ. ಮೀನಿನ ದೇಹದೊಳಗೆ ನೀರು ನುಗ್ಗುವುದನ್ನೂ ಅದು ಕಡಿಮೆ ಮಾಡುತ್ತದೆ, ನೊಂದ ಮೀನಿಗೆ ಆ ಮಟ್ಟಿಗೆ ವಿಶ್ರಾಂತಿ ಸಿಗುತ್ತದೆ.

ಬೇರೇನೂ ಬೆರೆಸದ ಉಪ್ಪು ತೆಗೆದುಕೊಳ್ಳಿ. ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. 50 ಲೀಟರ್ ನೀರಿಗೆ ಲೀಟರಿಗೆ 2 ಗ್ರಾಂ ಬೇಕೆಂದರೆ 100 ಗ್ರಾಂ. ತೊಟ್ಟಿಯ ಗಾತ್ರವಲ್ಲ, ಕಲ್ಲು ಮರಳು ಕಳೆದು ಉಳಿದ ನೀರಿನ ಲೆಕ್ಕ. ಮಗ್ಗಿನಲ್ಲಿ ಪೂರ್ತಿ ಕರಗಿಸಿ, ಒಂದು ದಿನದಲ್ಲಿ ಮೂರು ನಾಲ್ಕು ಕಂತಾಗಿ ಹಾಕಿ. ಹರಳು ನೇರ ಹಾಕಿದರೆ ಅದರ ಮೇಲೆ ಕೂತ ಮೀನಿನ ಹೊಟ್ಟೆ ಸುಡುತ್ತದೆ. ಉಪ್ಪು ಆವಿಯಾಗುವುದಿಲ್ಲ. ತೊಟ್ಟಿಯಲ್ಲಿ ನೀರು ಆರಿ ಕಡಿಮೆಯಾದರೆ ಬರೀ ನೀರು ತುಂಬಿಸಿ, ಬದಲಿಸಿದ ನೀರಿನಷ್ಟಕ್ಕೆ ಮಾತ್ರ ಹೊಸ ಉಪ್ಪು ಸೇರಿಸಿ.

ಕೋರಿಡೋರಸ್, ಲೋಚ್‌ಗಳಂಥ ಮೀನುಗಳು ಉಪ್ಪು ಅಷ್ಟಾಗಿ ತಡೆಯುವುದಿಲ್ಲ. ಅವಕ್ಕೆ ಕಡಿಮೆ ಪ್ರಮಾಣದಿಂದ ಶುರುಮಾಡಿ, ಸಂಕಟ ಕಂಡರೆ ನೀರು ಬದಲಿಸಿ. ಗಿಡಗಳಿಗೂ ಉಪ್ಪು ಹಿಡಿಸದು.

ಮದ್ದು ಹಾಕುವಾಗ ಯಾವ ತಪ್ಪು ಮಾಡಬಾರದು?

ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಮದ್ದನ್ನು ಹೀರಿಬಿಡುತ್ತದೆ. ಎರಡು ಮದ್ದು ಬೆರೆಸಬೇಡಿ. ಫಾರ್ಮಲಿನ್ ಇರುವ ಮದ್ದು ನೀರಿನ ಆಮ್ಲಜನಕ ಕಡಿಮೆ ಮಾಡುತ್ತದೆ, ಏರ್ ಸ್ಟೋನ್ ಬೇಕೇ ಬೇಕು. ಮ್ಯಾಲಕೈಟ್ ಗ್ರೀನ್ ಇದ್ದರೆ ಕೈಗೆ ಗ್ಲೋವ್ಸ್ ಹಾಕಿಕೊಳ್ಳಿ. ಹುರುಪೆ ಇಲ್ಲದ ಮೀನುಗಳಿಗೆ ಮತ್ತು ಟೆಟ್ರಾಗಳಿಗೆ ಅದನ್ನು ಸಾಮಾನ್ಯವಾಗಿ ಅರ್ಧ ಪ್ರಮಾಣದಲ್ಲಿ ಬಳಸುತ್ತಾರೆ, ಬಾಟಲಿಯ ಮೇಲೆ ಓದಿ ನೋಡಿ. ಮಿಥಿಲೀನ್ ಬ್ಲೂ ಫಿಲ್ಟರ್‌ನ ಬ್ಯಾಕ್ಟೀರಿಯಾಕ್ಕೆ ಹಾನಿ ಮಾಡುತ್ತದೆ, ಮುಖ್ಯ ತೊಟ್ಟಿಗೆ ಬೇಡ.

ರೋಗದ ಹಾಗೆ ಕಾಣುವ, ಆದರೆ ರೋಗವಲ್ಲದ ಸಂಗತಿಗಳು ಯಾವುವು?

ಗಂಡು ಗೋಲ್ಡ್ ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಿಳಿ ಗುಳ್ಳೆಗಳ ಸಾಲು ಬರುತ್ತದೆ. ಮೊಟ್ಟೆ ಇಡಿಸುವ ಕಾಲದ ಗುರುತು ಅದು. ಇದನ್ನೇ ಬಿಳಿ ಚುಕ್ಕೆ ಅಂದುಕೊಂಡು ಮದ್ದು ಹಾಕಿದವರು ಎಷ್ಟೋ ಜನ. ಎರಡೂ ಕಡೆ ಒಂದೇ ಥರ, ಅದೇ ಜಾಗದಲ್ಲಿ ಮಾತ್ರ ಇದ್ದು ಮೀನು ಲವಲವಿಕೆಯಿಂದಿದ್ದರೆ ಬಿಟ್ಟುಬಿಡಿ.

ಬೆಟ್ಟಾ, ಗೌರಾಮಿಗಳು ಮೇಲೆ ಬಂದು ಗಾಳಿ ಕುಡಿಯುವುದು ಅವುಗಳ ಹುಟ್ಟುಗುಣ. ಕೋರಿಡೋರಸ್ ಬಾಣದ ಹಾಗೆ ಮೇಲೆ ಹೋಗಿ ಒಂದು ಗುಟುಕು ಗಾಳಿ ತೆಗೆದುಕೊಂಡು ಬರುತ್ತದೆ. ಅದನ್ನೇ ನಿಮಿಷ ನಿಮಿಷಕ್ಕೂ ಮಾಡಿದರೆ ಮಾತ್ರ ನೀರು ನೋಡಿ. ಕ್ಲೌನ್ ಲೋಚ್ ಪಕ್ಕಕ್ಕೆ ಒರಗಿ ಸತ್ತಂತೆ ಮಲಗುತ್ತದೆ, ಮೊದಲ ಸಲ ನೋಡಿದವರಿಗೆ ಜೀವ ಬಾಯಿಗೆ ಬರುತ್ತದೆ. ಅದು ನಿದ್ದೆ. ಸಿಕ್ಲಿಡ್‌ಗಳು ಮೊಟ್ಟೆ ಇಡುವ ಮುಂಚೆ ಕಲ್ಲನ್ನು ಬಾಯಿಯಿಂದ ಉಜ್ಜಿ ಶುಚಿ ಮಾಡುತ್ತವೆ.

ಹೊಸ ಮೀನನ್ನು ಎಷ್ಟು ದಿನ ಬೇರೆ ಇಡಬೇಕು?

ನಾಲ್ಕು ವಾರ. ಎರಡು ವಾರ ಸಾಕು ಅನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಫ್ಲೂಕ್‌ನ ಮೊಟ್ಟೆ ಒಡೆದು, ಬೆಳೆದು, ಲಕ್ಷಣ ಕಾಣಲು ಸಮಯ ಬೇಕು.

ದೊಡ್ಡ ಏರ್ಪಾಡೇನೂ ಬೇಡ. 40 ಲೀಟರಿನ ತೊಟ್ಟಿ, ಹೀಟರ್, ಮುಚ್ಚಳ, ಅಡಗಲು ಒಂದು ತುಂಡು ಪಿವಿಸಿ ಪೈಪ್. ಮರಳು ಹಾಕಬೇಡಿ, ಬರಿ ತಳದಲ್ಲಿ ಹೇಸಿಗೆಯ ಬಣ್ಣವೂ ಗೊತ್ತಾಗುತ್ತದೆ, ಶುಚಿ ಮಾಡುವುದೂ ಸುಲಭ. ಒಂದು ಸ್ಪಾಂಜ್ ಫಿಲ್ಟರನ್ನು ಮುಖ್ಯ ತೊಟ್ಟಿಯಲ್ಲೇ ಸದಾ ಓಡಿಸುತ್ತಿರಿ, ಹೊಸ ಮೀನು ಬಂದ ದಿನ ಎತ್ತಿ ಇಲ್ಲಿಗೆ ಇಡಿ. ಬಲೆ, ಪೈಪು, ಬಕೆಟ್ ಬೇರೆ ಬೇರೆ ಇರಲಿ. ದಿನದ ಕೆಲಸ ಮೊದಲು ಮುಖ್ಯ ತೊಟ್ಟಿಯಲ್ಲಿ ಮುಗಿಸಿ, ಆಮೇಲೆ ಕ್ವಾರಂಟೈನ್ ತೊಟ್ಟಿಗೆ ಕೈ ಹಾಕಿ. ಒದ್ದೆ ಕೈಯಿಂದಲೂ ರೋಗ ದಾಟುತ್ತದೆ.

ಕಾಯಬಾರದಂಥ ತುರ್ತು ಯಾವುದು?

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಪಕ್ಕಕ್ಕೆ ಮಗುಚಿ ಬೀಳುತ್ತಿದ್ದರೆ, ಹುಚ್ಚು ಹಿಡಿದಂತೆ ಗಾಜಿಗೆ ಢಿಕ್ಕಿ ಹೊಡೆಯುತ್ತಿದ್ದರೆ ಪರೀಕ್ಷೆಗೂ ಕಾಯಬೇಡಿ. ಗಾಳಿ ಜೋರು ಮಾಡಿ, ಕ್ಲೋರಿನ್ ತೆಗೆದ ನೀರಿನಿಂದ ಬದಲಾವಣೆ ಶುರುಮಾಡಿ. ತೊಟ್ಟಿಯ ಹತ್ತಿರ ಸೊಳ್ಳೆ ಔಷಧಿ, ಪೇಂಟ್, ಫಿನೈಲ್ ಏನಾದರೂ ಬಳಸಿದ್ದೀರಾ ನೆನಪು ಮಾಡಿಕೊಳ್ಳಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ.

ಎಲ್ಲ ಸರಿಮಾಡಿದ ಮೇಲೆ ಎಷ್ಟು ದಿನಕ್ಕೆ ಉಜ್ಜುವುದು ನಿಲ್ಲುತ್ತದೆ?

ತೊಂದರೆ ನೀರಿನದ್ದಾದರೆ ಕೆಲವು ಗಂಟೆಗಳಲ್ಲೇ ಕಡಿಮೆಯಾಗುತ್ತದೆ. ಅಮೋನಿಯಾ ಕಿವಿರನ್ನು ಸುಟ್ಟಿದ್ದರೆ ಒಂದೆರಡು ವಾರ ಹಿಡಿಯಬಹುದು, ಹಾಗಾಗಿ ಮೂರನೇ ದಿನವೂ ಆಗೊಮ್ಮೆ ಈಗೊಮ್ಮೆ ಉಜ್ಜಿದರೆ ಹೊಸ ಮದ್ದಿಗೆ ಕೈ ಹಾಕಬೇಡಿ. ಹುಳುವಾದರೆ ಚಿಕಿತ್ಸೆಯ ಮೊದಲ ದಿನ ಉಜ್ಜಾಟ ಇನ್ನೂ ಜಾಸ್ತಿಯಾಗುವುದುಂಟು.

ಒಂದು ಪುಸ್ತಕದಲ್ಲಿ ದಿನವೂ ಒಂದೇ ಹೊತ್ತಿಗೆ, ಹತ್ತು ನಿಮಿಷದಲ್ಲಿ ಎಷ್ಟು ಸಲ ಉಜ್ಜಿತು, ಮೂವತ್ತು ಸೆಕೆಂಡಿಗೆ ಕಿವಿರು ಎಷ್ಟು ಸಲ ಬಡಿಯಿತು ಅಂತ ಬರೆದಿಡಿ. ಆ ಕತ್ತಿಬಾಲದ ಹೆಣ್ಣಿನ ಲೆಕ್ಕ ನನ್ನ ಹತ್ತಿರ ಇನ್ನೂ ಇದೆ. ಮೊದಲ ದಿನ ಎಂಟು, ನಾಲ್ಕನೇ ದಿನ ಐದು, ಒಂಬತ್ತನೇ ದಿನ ಒಂದು. ಹನ್ನೆರಡನೇ ದಿನ ಸೊನ್ನೆ ಬರೆದಿದ್ದೇನೆ, ಅದರ ಪಕ್ಕದಲ್ಲಿ: ಬೆನ್ನಿನ ರೆಕ್ಕೆ ಪೂರ್ತಿ ಬಿಚ್ಚಿದೆ.